ಎರಡು ಹದಿನೇಳು

ಫೆಬ್ರವರಿ ೧೨

ಅಮ್ಮಾ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ನನ್ನ ಸಿಟ್ಟು ಇಳಿಯಬೇಕು. ಇಲ್ಲದಿದ್ದರೆ ನಾಳೆ ಪ್ರೆಸ್ಸಿನಲ್ಲಿ ಯಾವನೋ ಪಾಪದ ಲೇಖಕನ ಪ್ರೂಫಿನ ಮೇಲೆ ಅದನ್ನು ತೀರಿಸಿಕೊಂಡೇನು. ಫೋನಿನಲ್ಲೇ ಕೂಗಾಡಬಹುದಿತ್ತು. ಆದರೆ ಮೂವತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಯಂತ್ರಗಳ ಪಕ್ಕ ಕೂತು ಚಾದರಗಳ ಅಂಚು ಹೊಲಿದು ಹೊಲಿದು ನಿನ್ನ ಕಿವಿ ಮಂದವಾಗಿದೆ. ನಾನು ಗಂಟಲು ಹರಿದುಕೊಳ್ಳುವುದು, ನೀನು ಅರ್ಧ ಕೇಳಿಸಿಕೊಂಡು "ಹೂಂ, ಊಟ ಆಯ್ತಾ?" ಅನ್ನುವುದು ಬೇಡ.

ಭಾನುವಾರ ಬೆಟ್ಟಕ್ಕೆ ಹೋಗಿದ್ದೆ. ಮಾವನ ಜೊತೆ. ಹೌದು, ನಿನ್ನ ಅಣ್ಣನ ಜೊತೆಯೇ. ನಿನಗೆ ಮೊದಲೇ ಹೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದಕ್ಕೇ ಹೇಳಲಿಲ್ಲ. ತಿಂಗಳ ಹಿಂದೆ ಅವರು ಕಂಕುಳಲ್ಲಿ ಒಂದು ಕಾಗದದ ಕಟ್ಟು ಹಿಡಿದುಕೊಂಡು ಪ್ರೆಸ್ಸಿಗೆ ಬಂದಿದ್ದರು. "ನಮ್ಮ ಮನೆತನದ ಬೇರು ಹುಡುಕ್ತಾ ಇದೀನಮ್ಮಾ. ಪುಸ್ತಕ ಮಾಡ್ಬೇಕು. ನೀನು ಮನೆ ಮಗಳು, ಪ್ರೂಫ್ ನೀನೇ ನೋಡ್ಬೇಕು" ಅಂದರು. ಬೆಟ್ಟದ ರಸ್ತೆಯ ತಿರುವುಗಳಲ್ಲಿ ನಿಂತಿರುವ ನಂಬರಿನ ಕಲ್ಲುಗಳನ್ನು ಕೆತ್ತಿದ್ದು ನಮ್ಮಜ್ಜ ಎಂಬುದೇ ಪುಸ್ತಕದ ಹೆಚ್ಚುಗಾರಿಕೆ. ಅಜ್ಜ ಕಲ್ಲುಕೆಲಸದವರು ಅಂತ ನೀನು ಹೇಳಿದ್ದೆಯಲ್ಲ, ಅಷ್ಟು ಬಿಟ್ಟರೆ ನನಗೇನೂ ಗೊತ್ತಿರಲಿಲ್ಲ. ಆಸೆಯಾಯಿತು. ಹೊರಟೆ.

ಪ್ರವಾಸದ ಬಸ್ಸು. ಕಿಟಕಿ ಪಕ್ಕದ ಸೀಟು. ಬೆಳಿಗ್ಗೆ ಬಿಸಿಲು ಹೊಸದಾಗಿತ್ತು, ಕಣಿವೆಯಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ, ಅದರ ಸಂದಿಯಲ್ಲಿ ಕೆಳಗೆ ನದಿ ಹರಿಯದೆ ನಿಂತಂತೆ ಕಾಣುತ್ತಿತ್ತು. ಇಪ್ಪತ್ತೇಳು ತಿರುವು ಅಮ್ಮ. ಪ್ರತಿ ತಿರುವಿನಲ್ಲೂ ಮೊಣಕಾಲೆತ್ತರದ ಕಲ್ಲು, ಅದರ ಮೇಲೆ ಒಂದು ಅಂಕಿ. ಮಾವ ಪ್ರತಿ ಸಲವೂ ನನ್ನ ತೋಳು ತಿವಿದು "ನೋಡು, ನಿಮ್ಮಜ್ಜನ ಕೈ" ಅನ್ನುತ್ತಿದ್ದರು. ನಿಜ ಹೇಳಲೇ, ನನಗೂ ಹೆಮ್ಮೆಯಾಯಿತು. ಹತ್ತು, ಹನ್ನೊಂದು, ಹನ್ನೆರಡು ಅಂತ ಚಿಕ್ಕ ಮಕ್ಕಳ ಹಾಗೆ ಎಣಿಸುತ್ತಾ ಹೋದೆ.

ಹದಿನೇಳು ಬಂತು. ಮುಂದಿನ ತಿರುವಿನಲ್ಲಿ ಮತ್ತೆ ಹದಿನೇಳು. ಅದರಾಚೆಗೆ ಹತ್ತೊಂಬತ್ತು.

ಬಸ್ಸಿನಲ್ಲಿ ಎಲ್ಲರೂ ಗೊಳ್ಳೆಂದರು. ಗೈಡ್ ಮೈಕಿನಲ್ಲಿ ಏನೋ ಶುರು ಮಾಡಿದ. ಅಷ್ಟರಲ್ಲಿ ನಿನ್ನ ಅಣ್ಣ ಎದ್ದುಹೋಗಿ ಮೈಕು ಕಿತ್ತುಕೊಂಡರು. "ಸ್ವಾಮಿ, ಆ ಕಥೆ ನಂದು! ನಮ್ಮಪ್ಪ ಕೆತ್ತಿದ ಕಲ್ಲುಗಳು ಇವು. ಒಂದೇ ಒಂದು ಕಲ್ಲು ನನ್ನ ತಂಗಿ ಕೈಗೆ ಕೊಟ್ರು ನೋಡಿ. ಎಡಗೈ ಹುಡುಗಿ, ನಾವು ಎಡಚಿ ಅಂತಿದ್ವಿ. ಅವಳು ಎಲ್ಲೋ ನೋಡ್ಕೊಂಡು ಹದಿನೇಳನ್ನ ಎರಡು ಸಲ ಕೆತ್ತಿಬಿಟ್ಲು!" ಬಸ್ಸು ಬಿದ್ದೂ ಬಿದ್ದೂ ನಕ್ಕಿತು. ಇಳಿದು ಫೋಟೋ ತೆಗೆಸಿಕೊಂಡರು. ಮೇಲೆ ಅಂಗಡಿಯಲ್ಲಿ ಎರಡು ಹದಿನೇಳು ಅಚ್ಚು ಹಾಕಿದ ಚಹಾ ಕಪ್ಪುಗಳನ್ನೂ ಮಾರುತ್ತಾರೆ. ಮಾವ ನಿನಗೆಂದು ಒಂದು ಕೊಂಡರು! ಕೊಟ್ಟುಬಿಡು, ನಗ್ತಾಳೆ ಅಂದರು. ಅದು ನನ್ನ ಮೇಜಿನ ಮೇಲಿದೆ. ಕಳಿಸುವುದಿಲ್ಲ.

ಮನೆಗೆ ಬಂದು ಕಾಗದದ ಕಟ್ಟು ಬಿಚ್ಚಿದೆ. ನೂರಾ ಹನ್ನೆರಡು ಪುಟ. ಅದರಲ್ಲಿ ನೀನಿರುವುದು ಒಂದು ಪುಟದಲ್ಲಿ, ಎರಡು ಸಾಲು. ಅದೂ ಇದೇ ನಗೆಚಾಟಿಕೆ. ಇಪ್ಪತ್ತೇಳು ಕಲ್ಲಲ್ಲಿ ನಿನ್ನ ಪಾಲಿಗೆ ಒಂದು, ಅದೂ ತಪ್ಪಿದ್ದು.

ನೀನು ಕಲ್ಲು ಕೆತ್ತುತ್ತಿದ್ದೆಯಾ ಅಮ್ಮ? ಮೂವತ್ತೆರಡು ವರ್ಷದ ಮಗಳಿಗೆ ಇದನ್ನು ಬಸ್ಸಿನ ಮೈಕಿನಿಂದ ಕೇಳಿ ತಿಳಿಯುವ ಗತಿ ಯಾಕೆ ಬಂತು?

ಸಿಟ್ಟಿನಲ್ಲಿರುವ,
ನಿನ್ನ ಮಗಳು

•

ಫೆಬ್ರವರಿ ೧೯

ಮಗಳೇ,

ಹೋದದ್ದು ಹೋದೆ. ಇನ್ನು ಸಾಕು ಮಾಡು.

ಕೆತ್ತುತ್ತಿದ್ದೆ. ಹನ್ನೆರಡರಿಂದ ಇಪ್ಪತ್ತೇಳರವರೆಗೆ ನಾನೇ ಕೆತ್ತಿದ್ದು. ಒಂದು ತಪ್ಪಾಯಿತು. ತಪ್ಪು ನನ್ನದು. ನಿನ್ನ ಮಾವನ ಹತ್ತಿರ ಜಗಳಕ್ಕೆ ನಿಲ್ಲಬೇಡ. ನಲವತ್ತಮೂರು ವರ್ಷದ ಹಿಂದಿನದನ್ನು ಕೆದಕಿ ಯಾರಿಗೆ ಏನಾಗಬೇಕಿದೆ?

ಚಳಿಗೆ ಕಾಲುಚೀಲ ಹಾಕಿಕೋ.

ಅಮ್ಮ

•

ಫೆಬ್ರವರಿ ೨೬

ಅಮ್ಮಾ,

ಹನ್ನೆರಡರಿಂದ ಇಪ್ಪತ್ತೇಳು! ಹದಿನಾರು ಕಲ್ಲು! ಅದನ್ನು ಅರ್ಧ ಸಾಲಿನಲ್ಲಿ ಹೇಳಿ ಮುಗಿಸಿ ಕಾಲುಚೀಲಕ್ಕೆ ಒಂದಿಡೀ ಸಾಲು ಕೊಟ್ಟಿದ್ದೀಯಲ್ಲ, ನಿನಗೆ ಏನನ್ನಬೇಕು?

ನಿನ್ನ ಮಾತು ಕೇಳಲಿಲ್ಲ. ಮಾವನ ಮನೆಗೆ ಹೋದೆ. ಅಜ್ಜನ ಕಾಲದ ಕಲ್ಲುಕೆಲಸದ ಶೆಡ್ಡಿನಲ್ಲಿ ಈಗ ಕಲ್ಲು ಕೊಯ್ಯುವ ಯಂತ್ರಗಳಿವೆ. ಅವರು ಕುರ್ಚಿಯಲ್ಲಿ ಕೂತು ಕೆಲಸದವರಿಗೆ ಕೈ ತೋರಿಸುತ್ತಾರೆ. ಹದಿನಾರು ಕಲ್ಲಿನ ವಿಷಯ ಕೇಳಿದೆ. "ಏ, ಅಪ್ಪಂಗೆ ಸ್ವಲ್ಪ ಸಹಾಯ ಮಾಡ್ತಿದ್ಲು ಕಣಮ್ಮಾ. ಗೆರೆ ಹಾಕಿಕೊಟ್ರೆ ಉಳಿ ಆಡಿಸ್ತಿದ್ಲು. ಮಕ್ಕಳಾಟ" ಅಂದರು. ಹಾಗಾದರೆ ತಪ್ಪಾದ ಕಲ್ಲು ಮಾತ್ರ ಹೇಗೆ ಪೂರ್ತಿ ಅವಳದಾಯಿತು ಅಂದೆ. ಚಹಾ ತರಿಸಿದರು. ಕುಡಿಯದೆ ಎದ್ದು ಬಂದೆ.

ಏಪ್ರಿಲ್ ಇಪ್ಪತ್ತಕ್ಕೆ ಪುಸ್ತಕ ಅಚ್ಚಿಗೆ ಹೋಗುತ್ತದಂತೆ. ಬೆಟ್ಟದ ಮೇಲಿನ ಪ್ರವಾಸಿ ಕೇಂದ್ರದವರು ಇನ್ನೂರು ಪ್ರತಿ ಇಟ್ಟುಕೊಳ್ಳುತ್ತಾರಂತೆ. ಅಂದರೆ ಇನ್ನು ಮುಂದೆ ಬರುವವರಿಗೆಲ್ಲ ನೀನು ಅಂದರೆ ಆ ಒಂದು ತಪ್ಪು, ಅಷ್ಟೇ.

ಇನ್ನೊಂದು ವಿಷಯ. ನಾನು ದಿನಾ ಅಕ್ಷರ ನೋಡಿ ಬದುಕುವವಳು. ಒಂದು ಪುಟದಲ್ಲಿ ಒಂದು ಅಕ್ಷರ ಬೇರೆ ಅಚ್ಚಿನದು ಬಂದರೆ ಕಣ್ಣಿಗೆ ಮರಳು ಬಿದ್ದಂತಾಗುತ್ತದೆ. ಆ ಎರಡು ಹದಿನೇಳುಗಳ ಫೋಟೋ ನೋಡುತ್ತಾ ಹಾಗೇ ಆಯಿತು. ಮೊದಲನೆಯದರಲ್ಲಿ ಅಂಕಿಗಳು ಆರಾಮಾಗಿ ಕೂತಿವೆ. ಎರಡನೆಯದರಲ್ಲಿ ಒಂದನ್ನೊಂದು ತಳ್ಳುತ್ತಿವೆ. ನಿಜ ಹೇಳು. ಎರಡನ್ನೂ ನೀನೇ ಕೆತ್ತಿದೆಯಾ?

ಕಾಲುಚೀಲ ಹಾಕಿಕೊಂಡಿರುವ,
ಮಗಳು

•

ಮಾರ್ಚ್ ೫

ಮಗಳೇ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಉತ್ತರ ಬರೆಯಬಾರದೆಂದೇ ಇದ್ದೆ. ಆದರೆ 'ಮಕ್ಕಳಾಟ' ಎಂಬ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ನಿನ್ನ ಮಾವನಿಗೆ ಉಳಿ ಹಿಡಿಯಲು ಬರುತ್ತಿರಲಿಲ್ಲ. ಹಿಡಿದರೆ ಹೆಬ್ಬೆರಳು ಜಜ್ಜಿಕೊಳ್ಳುತ್ತಿದ್ದ. ಅಂಥವನು ನನ್ನ ಕೆಲಸಕ್ಕೆ ಮಕ್ಕಳಾಟ ಅನ್ನುತ್ತಾನೆ!

ಹೇಳುತ್ತೇನೆ, ಕೇಳು. ಹನ್ನೊಂದು ಕಲ್ಲು ಮುಗಿಸುವಷ್ಟರಲ್ಲಿ ಅಪ್ಪನಿಗೆ ಕೆಮ್ಮು ಏರಿತು. ಕಲ್ಲಿನ ಪುಡಿ ಎದೆಯಲ್ಲಿ ಕೂತಿತ್ತು. ಎರಡು ಏಟು ಹೊಡೆದರೆ ಹತ್ತು ಸಲ ಕೆಮ್ಮು. ಕೆಲಸ ನಿಂತರೆ ಗುತ್ತಿಗೆ ಕೈತಪ್ಪುತ್ತದೆ. ನನಗೆ ಹದಿನಾರು ವರ್ಷ. ಏಳು ವರ್ಷದಿಂದ ಅವರ ಪಕ್ಕದಲ್ಲಿ ಕೂತು ನೋಡಿ ಕಲಿತಿದ್ದೆ. ಒಂದು ದಿನ ಅವರು ಸುತ್ತಿಗೆಯನ್ನು ನನ್ನ ಎಡಗೈಗೆ ಕೊಟ್ಟರು. ಗೆರೆ ಹಾಕಿದ್ದೂ ನಾನೇ, ಕೆತ್ತಿದ್ದೂ ನಾನೇ. ಒಂದು ಕಲ್ಲಿಗೆ ಎರಡು ದಿನ. ಅಪ್ಪ ಬಾಗಿಲಲ್ಲಿ ಕೂತು ಸುತ್ತಿಗೆಯ ಸದ್ದು ಕೇಳಿಯೇ "ಆಳ ಹೆಚ್ಚಾಯ್ತು" ಅನ್ನುತ್ತಿದ್ದರು. ನಿನ್ನ ಮಾವ ಕಲ್ಲುಗಳನ್ನು ಲಾರಿಯಲ್ಲಿ ಬೆಟ್ಟಕ್ಕೆ ಸಾಗಿಸಿ ನೆಡುತ್ತಿದ್ದ, ಅಷ್ಟೇ ಅವನ ಕೆಲಸ. ರಸ್ತೆ ಮುಗಿದ ಮೇಲೆ ಸೇತುವೆಯ ದೊಡ್ಡ ಕಲ್ಲು ಬರುವುದಿತ್ತು. ಅದನ್ನೂ ನಾನೇ ಕೆತ್ತುವುದೆಂದು ಅಪ್ಪ ಹೇಳಿದ್ದರು. ಅಂಥ ಸಂತೋಷ ಆಮೇಲೆ ನನಗೆ ಎಂದೂ ಆಗಲಿಲ್ಲ. ನೀನು ಹುಟ್ಟಿದ್ದನ್ನು ಬಿಟ್ಟು ಅಂತ ಸೇರಿಸಬೇಕೇನೋ. ಸೇರಿಸಿದ್ದೇನೆ.

ರಸ್ತೆ ತೆರೆಯುವ ವಾರ ಇಂಜಿನಿಯರು ಕಲ್ಲು ಎಣಿಸಿದರಂತೆ. ಅಪ್ಪನನ್ನು ಮೇಲಕ್ಕೆ ಕರೆಸಿದರು. ಸಂಜೆ ಅಪ್ಪ ಇಳಿದು ಬಂದು, ಚಪ್ಪಲಿ ಕೂಡ ಬಿಡದೆ, "ಹದಿನೇಳನ್ನ ಎರಡು ಸಲ ಕೆತ್ತಿದೀಯ. ನಾಳೆಯಿಂದ ಶೆಡ್ಡಿಗೆ ಬರ್ಬೇಡ" ಅಂದರು. ನಾನು ಹದಿನೆಂಟನ್ನೂ ಕೆತ್ತಿದ್ದೇನೆ, ನೆನಪಿದೆ ಅಂದೆ. ಇನ್ನೊಂದು ಸಲ ಅಂದೆ. ಅಣ್ಣ ನೆಲ ನೋಡುತ್ತಿದ್ದ. ಅಪ್ಪ ಒಳಗೆ ಹೋದರು. ಅಪ್ಪ ಸುಳ್ಳು ಹೇಳುವವರಲ್ಲ, ಅಂದ ಮೇಲೆ ನನ್ನ ನೆನಪೇ ಸುಳ್ಳು ಅಂತ ಒಪ್ಪಿಕೊಂಡೆ. ಬೆಟ್ಟ ಹತ್ತಿ ಆ ಕಲ್ಲನ್ನು ಒಮ್ಮೆಯೂ ನೋಡಿಲ್ಲ. ಉಳಿಯನ್ನು ಮತ್ತೆ ಮುಟ್ಟಿಲ್ಲ. ತಪ್ಪು ಮಾಡುವ ಕೈ ಅಂತ ನನ್ನ ಕೈಯ ಮೇಲೆ ನನಗೇ ಅಸಹ್ಯ ಹುಟ್ಟಿತ್ತು.

ನೀನು ಕೇಳಿದ್ದಕ್ಕೆ ಉತ್ತರ ಫೋಟೋದಲ್ಲಿ ಸಿಗುವುದಿಲ್ಲ. ಇನ್ನೊಮ್ಮೆ ಹೋಗು. ಕಲ್ಲಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜು. ಅಂಕಿಯ ಗುಳಿಯೊಳಗೆ ಉಳಿಯ ಸಣ್ಣ ಗೀರುಗಳಿರುತ್ತವೆ, ಅವು ಮೂಡುತ್ತವೆ. ಬಲಗೈಯವರ ಗೀರು ಒಂದು ಕಡೆ ವಾಲಿದರೆ ಎಡಗೈಯವರದು ಅದರ ಎದುರು ಕಡೆ ವಾಲುತ್ತದೆ. ಐದನೇ ಕಲ್ಲಿನದೂ ಇಪ್ಪತ್ತನೆಯದೂ ತೆಗೆ. ಐದು ಅಪ್ಪನದು, ಇಪ್ಪತ್ತು ನನ್ನದು. ಆಮೇಲೆ ಎರಡು ಹದಿನೇಳು.

ನೀನೇ ನೋಡಿ ಏನೂ ಬರೆಯಬೇಡ. ಕಾಗದ ಕಳಿಸು, ನಾನು ನೋಡುತ್ತೇನೆ.

ಅಮ್ಮ

•

ಮಾರ್ಚ್ ೧೪

ಅಮ್ಮಾ,

ಹೋಗಿ ಬಂದೆ. ಈ ಸಲ ಸಾದಾ ಬಸ್ಸು. ಐದನೇ ತಿರುವಿನಲ್ಲಿ ಇಳಿಸಿ ಅಂದಾಗ ಕಂಡಕ್ಟರ್ "ಅಲ್ಲೇನಿದೆ ಮೇಡಂ?" ಅಂತ ಮೂರು ಸಲ ಕೇಳಿದ. ಅಲ್ಲಿಂದ ಇಪ್ಪತ್ತರವರೆಗೆ ನಡೆದೇ ಹೋದೆ. ನಿನ್ನ ಹನ್ನೆರಡನೆಯದರ ಮುಂದೆ ಕೂತು ಬುತ್ತಿ ಬಿಚ್ಚಿ ಉಂಡೆ. ಎದುರಿಗೆ ಇಡೀ ಕಣಿವೆ. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು, ಉಂಡಾದ ಮೇಲೆ ಅದಕ್ಕೆ ಒರಗಿ ಕೂತೆ.

ನಾಲ್ಕು ಕಾಗದ ಇಟ್ಟಿದ್ದೇನೆ. ಹಿಂದೆ ನಂಬರ್ ಬರೆದಿದೆ. ನೀನು ಹೇಳಿದಂತೆ ಏನೂ ಬರೆಯುವುದಿಲ್ಲ. ಆದರೆ ನನಗೂ ಕಣ್ಣಿದೆ ಅಮ್ಮ. ಬೇಗ ನೋಡು.

ಮಗಳು

•

ಮಾರ್ಚ್ ೨೦

ಅಣ್ಣಾ,

ಮೂವತ್ತು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಆರೋಗ್ಯ ವಿಚಾರಿಸಲು ಅಲ್ಲ.

ನನ್ನ ಊಟದ ಮೇಜಿನ ಮೇಲೆ ನಾಲ್ಕು ಕಾಗದ ಹರಡಿವೆ. ಮೊದಲನೇ ಹದಿನೇಳು ನನ್ನ ಕೈ. ಎರಡನೆಯದು ನನ್ನದಲ್ಲ. ಅಪ್ಪನದೂ ಅಲ್ಲ. ಅಪ್ಪನ ಗೀರು ಒಂದೇ ಸಮ ಇರುತ್ತದೆ. ಇದರಲ್ಲಿ ಉಳಿ ಜಾರಿದೆ, ಹೆದರಿದೆ, ಒಂದೇ ಕಡೆ ಮೂರು ಸಲ ಕುಕ್ಕಿದೆ. ಬಲಗೈ, ಕಲಿಯದ ಕೈ. ಆ ಶೆಡ್ಡಿನಲ್ಲಿ ಹಾಗೆ ಕುಕ್ಕುವವನು ಒಬ್ಬನೇ ಇದ್ದ.

ನನ್ನ ಹದಿನೆಂಟು ಎಲ್ಲಿ?

ನಾನು ಕೆತ್ತಿದ್ದೆ ಅಂತ ನಿನ್ನ ಮುಂದೆಯೇ ಎರಡು ಸಲ ಹೇಳಿದೆ. ನೀನು ನೆಲ ನೋಡುತ್ತಾ ನಿಂತೆ. ಆಮೇಲಾದರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆಯಾ? ಇಲ್ಲ. ಮೈಕು ಹಿಡಿದುಕೊಂಡು ಊರವರನ್ನೆಲ್ಲ ನಗಿಸಿದೆ. ನಿನ್ನ ತಪ್ಪನ್ನು ನನ್ನ ತಲೆಗೆ ಕಟ್ಟಿದ್ದು ಸಾಲದೆಂದು ಅದನ್ನೇ ಅಚ್ಚು ಹಾಕಿದ ಕಪ್ಪು ಕೊಂಡು ನನಗೆ ಉಡುಗೊರೆ ಕಳಿಸುತ್ತೀಯಲ್ಲ, ನಿನಗೆ ನಾಚಿಕೆ ಅನ್ನುವುದು ಸ್ವಲ್ಪವಾದರೂ ಉಂಟೇ?

ಉತ್ತರ ಬರೆ. ಫೋನು ಮಾಡಬೇಡ. ನನಗೆ ಕೇಳಿಸುವುದಿಲ್ಲ ಅನ್ನುವುದು ನಿನಗೆ ಅನುಕೂಲವಾಗಬಾರದು.

ನಿನ್ನ ತಂಗಿ

•

ಏಪ್ರಿಲ್ ೨

ಪ್ರೀತಿಯ ಎಡಚಿ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನೀನು ಕೆತ್ತಿದ ಹದಿನೆಂಟು ನನ್ನ ಕೈಯಲ್ಲಿ ಒಡೆಯಿತು. ಲಾರಿಯಿಂದ ಇಳಿಸುವಾಗ ಹಗ್ಗ ಸರಿಯಾಗಿ ಕಟ್ಟಿರಲಿಲ್ಲ. ಅಂಕಿಯ ನಡುವೆಯೇ ಎರಡು ಹೋಳು. ಚೂರುಗಳನ್ನು ಕಣಿವೆಗೆ ಉರುಳಿಸಿದೆ. ಒಡೆದೆ ಅಂತ ಅಪ್ಪನ ಮುಂದೆ ಹೇಳುವ ಧೈರ್ಯ ಇರಲಿಲ್ಲ. ಅದಕ್ಕೂ ಹಿಂದಿನ ವಾರ ಒಂದು ಒಡೆದಿದ್ದೆ, ಒಂದು ದಿನ ಪೂರ್ತಿ ಅವರು ನನ್ನ ಜೊತೆ ಮಾತಾಡಿರಲಿಲ್ಲ. ಲಾರಿಯಲ್ಲಿ ಒಂದು ಖಾಲಿ ಕಲ್ಲಿತ್ತು, ಅಪ್ಪನ ಹಳೇ ಉಳಿ ಇತ್ತು. ನಾನೇ ಕೆತ್ತುತ್ತೇನೆ ಅಂತ ಕೂತೆ. ಅಳತೆಗೆ ನಿನ್ನ ಹದಿನೇಳನ್ನು ಪಕ್ಕದಲ್ಲಿ ಇಟ್ಟುಕೊಂಡೆ. ಕೊನೇ ಅಂಕಿ ಬದಲಿಸಬೇಕು ಅಂತ ಮನಸ್ಸಿನಲ್ಲಿತ್ತು. ಕಣ್ಣಿಗೆ ಕಂಡದ್ದನ್ನೇ ಕೈ ಕೆತ್ತಿಬಿಟ್ಟಿತು. ಮುಗಿದ ಮೇಲೆ ಗೊತ್ತಾಯಿತು. ಇನ್ನೊಂದು ಕಲ್ಲಿರಲಿಲ್ಲ. ನೆಟ್ಟುಬಿಟ್ಟೆ.

ಹೇಳಬೇಕು ಅಂತ ಮೊದಲ ವರ್ಷ ದಿನಾ ಅಂದುಕೊಳ್ಳುತ್ತಿದ್ದೆ. ಆಮೇಲೆ ತಮಾಷೆ ಮಾಡಲು ಶುರು ಮಾಡಿದೆ. ಎಲ್ಲರೂ ನಕ್ಕರೆ ಅದು ಅಷ್ಟು ದೊಡ್ಡದಲ್ಲ ಅನ್ನಿಸುತ್ತಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇಂಜಿನಿಯರು ಕರೆಸಿದ ದಿನ ಅಪ್ಪ ಆ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಕಿಯೊಳಗೆ ಬೆರಳಾಡಿಸಿದರು. ತಲೆಯೆತ್ತಿ ನನ್ನನ್ನು ನೋಡಿದರು. ನಾನು ಏನೂ ಹೇಳುವ ಅಗತ್ಯವೇ ಬೀಳಲಿಲ್ಲ. ಇಂಜಿನಿಯರು ಯಾರು ಕೆತ್ತಿದ್ದು ಅಂತ ಕೇಳಿದಾಗ "ಮಗಳು, ಚಿಕ್ಕವಳು" ಅಂದರು. ದಾರಿಯಲ್ಲಿ ನನಗೆ ಒಂದೇ ಮಾತು ಹೇಳಿದರು: "ಶೆಡ್ಡು ನಿಂದಾಗ್ಬೇಕು. ನಿನ್ನ ಕೈ ಇಂಥದ್ದು ಅಂತ ಹೊರಗೆ ಗೊತ್ತಾದ್ರೆ ಯಾರೂ ಕೆಲಸ ಕೊಡಲ್ಲ."

ತಪ್ಪು ನನ್ನದು. ಪುಸ್ತಕದಿಂದ ಆ ತಮಾಷೆ ತೆಗೆಯುತ್ತೇನೆ. ಹದಿನಾರು ಕಲ್ಲುಗಳಿಗೆ ನೀನು ಸಹಾಯ ಮಾಡಿದೆ ಅಂತ ಸೇರಿಸುತ್ತೇನೆ. ನನ್ನ ಕೈತಪ್ಪನ್ನೂ ಬರೆಯುತ್ತೇನೆ ಬೇಕಾದರೆ. ಅಪ್ಪನ ಮಾತು ಮಾತ್ರ ನಮ್ಮಿಬ್ಬರಲ್ಲೇ ಇರಲಿ. ಸತ್ತು ಎಷ್ಟೋ ವರ್ಷವಾದವರು. ಪುಸ್ತಕವೇ ಅವರ ಹೆಸರಿನಲ್ಲಿದೆ.

ನಿನ್ನ ಅಣ್ಣ

•

ಏಪ್ರಿಲ್ ೭

ಅಣ್ಣಾ,

'ಸಹಾಯ' ಎಂಬ ಪದ ತೆಗೆ. ಕೆತ್ತಿದಳು ಅಂತ ಬರೆ.

ನಿನ್ನ ಕಾಗದದಲ್ಲಿ ನಿನ್ನ ಪಾಲು ಓದಿದಾಗ ಸಿಟ್ಟು ಬಂತು, ಆದರೆ ಅರ್ಥವಾಯಿತು. ಇಪ್ಪತ್ತು ವರ್ಷದವನು, ಹೆದರಿದೆ. ನಿನ್ನನ್ನು ಬೈಯಬಹುದು, ಬೈದಿದ್ದೇನೆ, ಇನ್ನೂ ಬೈಯುವುದಿದೆ. ಅಪ್ಪನ ಪಾಲು ಓದಿದ ಮೇಲೆ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಅವರ ಬೆರಳಿಗೆ ಗೊತ್ತಾಗದೆ ಇರುವುದಿಲ್ಲ ಎಂಬುದು ನನಗೆ ಆ ನಾಲ್ಕು ಕಾಗದ ನೋಡಿದಾಗಲೇ ಹೊಳೆಯಬೇಕಿತ್ತು. ಹೊಳೆದಿತ್ತೋ ಏನೋ. ನಾನು ಆ ಕಡೆ ತಿರುಗಿ ನೋಡಲಿಲ್ಲ, ಅಷ್ಟೇ.

ಶೆಡ್ಡು ನಿನಗೇ ಕೊಡಬೇಕಿದ್ದರೆ ಕೊಡಬಹುದಿತ್ತು. ಅವರ ಶೆಡ್ಡು, ಅವರ ಇಷ್ಟ. "ನೀನು ಒಳ್ಳೇ ಕೆಲಸಗಾರ್ತಿ, ಆದ್ರೆ ನಿಂಗೆ ಕೊಡಲ್ಲ" ಅಂತ ನನ್ನ ಮುಖಕ್ಕೆ ಹೇಳಿದ್ದರೆ ಅತ್ತು, ಕೂಗಾಡಿ, ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಕೈ ನನ್ನ ಹತ್ತಿರವೇ ಉಳಿಯುತ್ತಿತ್ತು. ಅವರು ಕೈಯನ್ನೇ ಕಿತ್ತುಕೊಂಡು ಕಳಿಸಿದರು. ನಾನೇ ಸರಿಯಿಲ್ಲ ಅಂತ ನಾನೇ ನಂಬುವಂತೆ ಮಾಡಿದರು. ಇದನ್ನು ಯಾರಿಗೆ ಹೇಳಲಿ? ನಿನಗಾದರೆ ವಿಳಾಸವಿದೆ.

ಆದ್ದರಿಂದ ನಿನಗೇ ಹೇಳುತ್ತಿದ್ದೇನೆ. ಅಪ್ಪನ ಅಧ್ಯಾಯದಲ್ಲಿ ಅದೂ ಬರಬೇಕು. ಕಲ್ಲು ನೋಡಿದರು, ಮಗನ ಕೈ ಅಂತ ತಿಳಿಯಿತು, ಮಗಳ ಹೆಸರು ಹೇಳಿದರು. ಅಷ್ಟು ಸಾಕು, ಬಣ್ಣ ಹಚ್ಚುವುದು ಬೇಡ. ಬರೆಯಲಾಗದಿದ್ದರೆ ನನ್ನ ಹೆಸರನ್ನು ಪುಸ್ತಕದಲ್ಲಿ ಎಲ್ಲೂ ಬರೆಯಬೇಡ, ಹುಟ್ಟಿದ್ದೇ ಇಲ್ಲ ಅನ್ನು. ಅರ್ಧ ನಿಜದಲ್ಲಿ ನನಗೆ ಜಾಗ ಬೇಡ.

ತಂಗಿ

•

ಏಪ್ರಿಲ್ ೧೮

ಮಗಳೇ,

ನಿನ್ನ ಮಾವ ಬಂದಿದ್ದ. ನಿನ್ನೆ ಮಧ್ಯಾಹ್ನ, ಹೇಳದೆ ಕೇಳದೆ. ಎಂಟು ಗಂಟೆ ಬಸ್ಸಿನಲ್ಲಿ ಕೂತು ಬಂದವನು ಬಾಗಿಲಲ್ಲೇ ನಿಂತ. ಮುದುಕನಾಗಿದ್ದಾನೆ. ಚಪ್ಪಲಿ ಬಿಟ್ಟು ಒಳಗೆ ಬಾ ಅಂದೆ.

ಪೆಟ್ಟಿಗೆಯಿಂದ ಎರಡು ಹಾಳೆ ತೆಗೆದು ಮೇಜಿನ ಮೇಲೆ ಇಟ್ಟ. "ಓದು. ಏನ್ ಬೇಕಾದ್ರೂ ಹೊಡೆದು ಹಾಕು" ಅಂದು ತನ್ನ ಪೆನ್ನನ್ನೂ ಪಕ್ಕದಲ್ಲಿ ಇಟ್ಟ. ನಾನು ಕನ್ನಡಕ ಹಾಕಿಕೊಂಡು ಓದಿದೆ. ಎರಡು ಸಲ ಓದಿದೆ. ಹನ್ನೆರಡರಿಂದ ಇಪ್ಪತ್ತೇಳರವರೆಗೆ, ಹದಿನೆಂಟನೇ ತಿರುವಿನಲ್ಲಿ ಈಗ ಇರುವುದನ್ನು ಬಿಟ್ಟು, ಎಲ್ಲವನ್ನೂ ನಾನು ಕೆತ್ತಿದೆ ಅಂತ ಇದೆ. ನನ್ನ ಹದಿನೆಂಟನ್ನು ಅವನು ಒಡೆದದ್ದೂ ಇದೆ. ಕಡೆಯಲ್ಲಿ ಅಪ್ಪನ ಸಾಲು: "ನಮ್ಮ ತಂದೆಗೆ ಅದು ನನ್ನ ಕೈ ಎಂದು ಗೊತ್ತಿತ್ತು. ಆದರೂ ಅವರು ತಂಗಿಯ ಹೆಸರು ಹೇಳಿ, ಅವಳನ್ನು ಕೆಲಸದಿಂದ ಬಿಡಿಸಿದರು. ನಾನು ಸುಮ್ಮನಿದ್ದೆ." ಕಡೆಯ ಎರಡು ಪದ ನಾನು ಕೇಳಿರಲಿಲ್ಲ. ಆ ಎರಡು ಅವನವೇ.

ಓದಿದ ಮೇಲೆ ನನಗೆ ಏನಾಯಿತು ಗೊತ್ತೇ? ಗೆದ್ದೆ ಅನ್ನಿಸಲಿಲ್ಲ. ಪೆನ್ನು ಎತ್ತಿಕೊಂಡೆ. ಅಪ್ಪನ ಸಾಲಿನ ಮೇಲೆ ಅದರ ತುದಿ ಇಟ್ಟೆ. ಮುಂದೆ ಯಾವಳೋ ಮೊಮ್ಮಗಳು ಇದನ್ನು ಓದಿ ಅವರನ್ನು ಕೆಟ್ಟವರು ಅಂದುಕೊಂಡಾಳು, ಕೆಮ್ಮುತ್ತಾ ಬಾಗಿಲಲ್ಲಿ ಕೂತು ನನಗೆ ಕಲಿಸಿದವರು ಅನ್ನುವುದು ಅವಳಿಗೆ ಗೊತ್ತಾಗುವುದಿಲ್ಲವಲ್ಲ ಅನ್ನಿಸಿತು. ಹೊಡೆದುಹಾಕಲು ಒಂದು ಗೆರೆ ಸಾಕಿತ್ತು. ನಿನ್ನ ಮಾವ ಆಸೆಯಿಂದ ನನ್ನ ಕೈಯನ್ನೇ ನೋಡುತ್ತಿದ್ದ.

ಆಗ ಸಿಟ್ಟು ಬಂತು ನೋಡು. ಅವನ ಮೇಲಲ್ಲ, ನನ್ನ ಮೇಲೆ. ಅವರು ಒಂದು ಮಾತಿನಲ್ಲಿ ನನ್ನ ಹೆಸರು ಕೆಡಿಸಿದರು, ಎದುರಿಗೆ ಹದಿನಾರು ವರ್ಷದ ಮಗಳು ನಿಂತು ನಾನಲ್ಲ ಅಂತ ಹೇಳಿದರೂ ತಿದ್ದಲಿಲ್ಲ. ಆ ಮಗಳು ಐವತ್ತೊಂಬತ್ತು ವರ್ಷದವಳಾಗಿ, ಅವರ ಹೆಸರು ಉಳಿಸಲು ಪೆನ್ನು ಹಿಡಿದು ಕೂತಿದ್ದಾಳೆ!

ಪೆನ್ನಿಗೆ ಮುಚ್ಚಳ ಹಾಕಿ ಅವನಿಗೆ ಕೊಟ್ಟೆ. "ಹೀಗೇ ಅಚ್ಚಿಗೆ ಕಳಿಸು" ಅಂದೆ.

ಅಮ್ಮ